ಖಾಲಿ ಜಾಗದ ಗೀಟುಗಳು

ಆ ಭಾನುವಾರ ಮಾಡಿದ ಕೆಲಸಗಳು: ಬಾವಿಯಿಂದ ಹತ್ತು ಕೊಡ ನೀರು ಸೇದಿದ್ದು. ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟದ್ದು. ಬಸಳೆಯ ಬುಡಕ್ಕೆ ಬೂದಿ ಹಾಕಿದ್ದು. ಕಾಲೇಜಿಗೆ ಉಡುವ ಎರಡು ಸೀರೆ ಒಗೆದು ಗಂಜಿ ಹಾಕಿದ್ದು. ದೊಡ್ಡಮ್ಮನ ಮೊಣಕಾಲಿಗೆ ಎಣ್ಣೆ ಬಿಸಿ ಮಾಡಿ ಕೊಟ್ಟದ್ದು. ಮೂವತ್ತೊಂದು ಪುಟಗಳ ಗೀಟು ಅಳಿಸಿದ್ದು, ನಾಲ್ಕೂ ಪ್ರತಿಗಳಲ್ಲಿ.

ಹಳೆಯ ದಿನಚರಿಯಲ್ಲಿ ಹೀಗೇ ಇದೆ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಪ್ರತಿ ಭಾನುವಾರದವು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಮೂಡಬಿದ್ರೆಯ ಹೊಸ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ನನಗಾಗ ಮೂವತ್ತೇಳು, ಮದುವೆಯಾಗಿರಲಿಲ್ಲ. ಒಂಟಿ ಹೆಂಗಸಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ ಎಂದು ಮೂರು ಕಡೆ ಹೇಳಿದ ಮೇಲೆ, ಅಮ್ಮನ ಅಕ್ಕ, ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡ ದೊಡ್ಡಮ್ಮ, ಲಾಯಿಲದಿಂದ ಒಂದು ಟ್ರಂಕು ಹಿಡಿದುಕೊಂಡು ಬಂದು ನನ್ನ ಜೊತೆ ನಿಂತಿದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಬೆಳಿಗ್ಗೆ ನಾನು ಹೋಗುವಾಗ ಜಗಲಿಯಲ್ಲಿ ಕೂತಿರುತ್ತಿದ್ದರು, ಸಂಜೆ ಬರುವಾಗಲೂ ಅಲ್ಲೇ. ನಡುವಿನ ಹೊತ್ತನ್ನು ಹೇಗೆ ಕಳೆಯುತ್ತಿದ್ದರು ಎಂದು ನಾನು ಕೇಳಿದವಳಲ್ಲ.

ನನಗೆ ನನ್ನದೇ ಕೆಲಸ. ಇಂಗ್ಲಿಷಿನ ರೊಮ್ಯಾಂಟಿಕ್ ಕವಿಗಳನ್ನು ನಾನು ಮೊದಲು ಕೇಳಿದ್ದು ಅಪ್ಪನ ಬಾಯಿಯಿಂದ. ಅವರು ಬೆಳ್ತಂಗಡಿಯಲ್ಲಿ ಮೇಷ್ಟ್ರಾಗಿದ್ದರು, ಸ್ನಾನಕ್ಕೆ ನೀರು ಕಾಯುವ ತನಕ ಒಲೆಯ ಮುಂದೆ ಕೂತು ಪದ್ಯ ಹೇಳುತ್ತಿದ್ದರು. ಈಗ ಅದೇ ಕವಿಗಳನ್ನು ತರಗತಿಯಲ್ಲಿ ಕಲಿಸುವಾಗ ಹುಡುಗರು ಕೇಳುವ ಪ್ರಶ್ನೆ ಒಂದೇ: ಬೇಸಿಗೆ ಬಂತೆಂದು ಈ ಜನ ಯಾಕೆ ಇಷ್ಟು ಕುಣಿಯುತ್ತಾರೆ? ಹೊರಗೆ ಕೆಂಪು ಮುರಕಲ್ಲಿನ ಅಂಗಳ ಕಾದು ಕಣ್ಣು ಬಿಡಲಾಗುತ್ತಿರಲಿಲ್ಲ. ಆ ಕವಿಗಳ ದೇಶದ ಚಳಿಯನ್ನು ವಿವರಿಸುತ್ತಿದ್ದೆ. ನಾನೂ ಕಂಡದ್ದಲ್ಲ. ಈ ಕಾವ್ಯದ ವಿಷಯ ಮಾತಾಡಲು ಊರಲ್ಲಿ ಇನ್ನೊಬ್ಬರಿರಲಿಲ್ಲ. ಪುಸ್ತಕಗಳು ಮೈಸೂರಿನಿಂದ ಅಂಚೆಯಲ್ಲಿ ಬರುತ್ತಿದ್ದವು. ಓದಿ, ಟಿಪ್ಪಣಿ ಮಾಡಿ, ವಾಪಸು ಕಳಿಸುತ್ತಿದ್ದೆ. ಹಾಗೆ ಏಳು ವರ್ಷ ಕೂತು ಬರೆದದ್ದು ನನ್ನ ಸಂಶೋಧನಾ ಪ್ರಬಂಧ. ವಿಷಯ, ಆ ಕವಿಗಳ ಕಾವ್ಯದಲ್ಲಿ ಏಕಾಂತ.

ಮೈಸೂರಿನ ನನ್ನ ಮಾರ್ಗದರ್ಶಕರು ನಿವೃತ್ತರಾಗುವವರಿದ್ದರು. ಬರುವ ಶುಕ್ರವಾರ ಕಚೇರಿ ಬಿಡುತ್ತೇನೆ, ಅದರೊಳಗೆ ನಾಲ್ಕು ಪ್ರತಿ ನನ್ನ ಕೈ ಸೇರಬೇಕು, ಬೈಂಡಿನ ಹೊಲಿಗೆ ಇಲ್ಲೇ ಹಾಕಿಸುವ ಎಂದು ಕಾರ್ಡು ಬರೆದಿದ್ದರು. ತಪ್ಪಿದರೆ ಬೇರೆಯವರ ಕೈಕೆಳಗೆ ಮತ್ತೆ ಮೊದಲಿನಿಂದ ಹೆಸರು ನೋಂದಾಯಿಸಬೇಕು. ಆ ಬೇರೆಯವರು ನನ್ನ ವಿಷಯ ಒಪ್ಪಿಕೊಳ್ಳುತ್ತಾರೆಂಬ ಖಾತ್ರಿ ಇರಲಿಲ್ಲ.

ಮಂಗಳೂರಿನ ಟೈಪಿಂಗಿನವರು ಎರಡು ತಿಂಗಳು ಕೇಳಿದ್ದಕ್ಕೆ, ಹಸ್ತಪ್ರತಿಯನ್ನು ಬಂಟ್ವಾಳದಲ್ಲಿ ರಿಜಿಸ್ಟ್ರಿ ಆಫೀಸಿನ ಎದುರು ಕೂರುವ ಒಬ್ಬ ಹಿರಿಯರಿಗೆ ಕೊಟ್ಟಿದ್ದೆ. ಮೂವತ್ತು ವರ್ಷ ಕ್ರಯಪತ್ರ, ಪಾಲುಪಟ್ಟಿ, ಅರ್ಜಿಗಳನ್ನು ಟೈಪು ಮಾಡಿದವರು. ಇಂಗ್ಲಿಷಿನಲ್ಲಿ ಒಂದು ಅಕ್ಷರವೂ ತಪ್ಪುವುದಿಲ್ಲ ಎಂದು ಹೆಸರು. ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗುರುತು ಅವರ ಗೋಡೆಯಲ್ಲಿತ್ತು. ಮಳೆಗಾಲದಲ್ಲಿ ಯಂತ್ರವನ್ನು ಇಡುವ ಹಲಗೆ ಅದಕ್ಕಿಂತಲೂ ಒಂದು ಮೊಳ ಮೇಲೆ.

ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಹೋದೆ. ಕಟ್ಟು ತಯಾರಿತ್ತು. ಅಂಚುಗಳೆಲ್ಲ ಸಮ, ಒಂದು ಮಸಿ ಕಲೆಯಿಲ್ಲ. ಮೂರನೆಯ ಅಧ್ಯಾಯ ತೆರೆದೆ. ಪದ್ಯದ ಪ್ರತಿ ಸಾಲು ಮುಗಿದಲ್ಲಿಂದ ಕಾಗದದ ಬಲ ಅಂಚಿನವರೆಗೆ ಸಣ್ಣ ಸಣ್ಣ ಗೀಟುಗಳನ್ನು ಸಾಲಾಗಿ ಹೊಡೆದಿದ್ದರು. ಮತ್ತೊಂದು ಪುಟ ತೆರೆದೆ, ಹಾಗೇ. ಪದ್ಯ ಇದ್ದಲ್ಲೆಲ್ಲ ಬೇಲಿ ಹಾಕಿದ ಹಾಗಿತ್ತು.

ಈ ಗೀಟು ಯಾಕೆ ಎಂದು ಕೇಳಿದೆ.

"ಖಾಲಿ ಜಾಗ ಬಿಡ್ಲಿಕ್ಕುಂಟಾ ಟೀಚರೇ? ನಾಳೆ ಯಾರಾದ್ರೂ ಅದರಲ್ಲಿ ನಾಲ್ಕು ಅಕ್ಷರ ಸೇರಿಸಿದ್ರೆ ಕೋರ್ಟಿಗೆ ಅಲೆಯುವವರು ನೀವು."

ಇದು ಪದ್ಯ, ದಸ್ತಾವೇಜಲ್ಲ ಎಂದೆ.

"ಪದ್ಯ ಅಂತ ಗೊತ್ತಾಯ್ತು. ಅದಕ್ಕೇ ಇಷ್ಟು ಗೀಟು ಬಿದ್ದದ್ದು. ನಿಮ್ಮ ಕವಿಗಳಿಗೆ ಗೆರೆ ಪೂರ್ತಿ ಬರೀಲಿಕ್ಕೆ ಉದಾಸೀನವಾ? ಅರ್ಧಕ್ಕೆ ಬಿಡ್ತಾರೆ, ಕೆಳಗೆ ಹೋಗ್ತಾರೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ನನ್ನ ಪ್ರಬಂಧವನ್ನು ಯಾರೂ ಕೆಡಿಸದ ಹಾಗೆ ಭದ್ರ ಮಾಡಿಕೊಟ್ಟಿದ್ದರು, ಅಷ್ಟೆ. ಬಿಟ್ಟ ಜಾಗವನ್ನು ಹಾಗೇ ಬಿಡಿ ಎಂದು ನಾನೂ ಹೇಳಿರಲಿಲ್ಲ. ಪದ್ಯದ ಪುಟಗಳನ್ನು ಮತ್ತೆ ಹೊಡೆಯಲು ಎಷ್ಟು ದಿನ ಬೇಕೆಂದು ಕೇಳಿದೆ. ಸೋಮವಾರದಿಂದ ರಿಜಿಸ್ಟ್ರಿಯ ಜನ, ಗುರುವಾರಕ್ಕೆ ಕೊಡಬಹುದು ಎಂದರು. ಗುರುವಾರ ಕೊಟ್ಟರೆ ಶುಕ್ರವಾರ ಮೈಸೂರಿಗೆ ಮುಟ್ಟುವುದಿಲ್ಲ. ನನ್ನ ಮುಖ ನೋಡಿ ಅವರಿಗೆ ಏನೋ ಆಯಿತು. ಡ್ರಾಯರಿನಿಂದ ಅರ್ಧ ಬ್ಲೇಡು, ಒಂದು ಗಟ್ಟಿ ರಬ್ಬರು, ಕಾರ್ಬನ್ ಪ್ರತಿಗಳಿಗೆಂದು ಒಂದು ಮೆದು ರಬ್ಬರು ತೆಗೆದುಕೊಟ್ಟು, ಹೇಗೆ ಹೆರೆಯಬೇಕೆಂದು ಒಂದು ಗೀಟಿನಲ್ಲಿ ತೋರಿಸಿದರು. ಬ್ಲೇಡು ಒತ್ತಬಾರದು, ಹೆರೆದ ಮೇಲೆ ಉಗುರಿನ ಬೆನ್ನಿನಿಂದ ತಿಕ್ಕಿ ಕಾಗದವನ್ನು ನಯ ಮಾಡಬೇಕು. ಬಸ್ಸಿನಲ್ಲಿ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಚಾಪೆ ಹಾಸಿ ಕೂತೆ. ಒಂದು ಗಂಟೆಯಲ್ಲಿ ಆರು ಹಾಳೆ ಮುಗಿಯಿತು, ನಾಲ್ಕು ಪ್ರತಿ ಸೇರಿ ಇದ್ದದ್ದು ನೂರ ಇಪ್ಪತ್ತನಾಲ್ಕು. ಲೆಕ್ಕ ಹಾಕಿದರೆ ಸೋಮವಾರದ ಟಪಾಲು ತಪ್ಪುವುದು ಖಂಡಿತ. ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ, ನನಗೂ ಕೊಡು ಎಂದರು. ಅವರು ಮಾತಾಡುತ್ತಿದ್ದದ್ದು ತುಳು. ನಾನು ಹಿಂಜರಿದೆ. ಅಕ್ಷರ ಹೋದರೆ ಏನು ಗತಿ? ಗೀಟು ಮಲಗಿರುತ್ತದೆ, ಅಕ್ಷರ ನಿಂತಿರುತ್ತದೆ, ಅಷ್ಟು ನನಗೆ ಕಾಣುತ್ತದೆ ಎಂದರು. ಮೆದು ರಬ್ಬರು ಕೊಟ್ಟೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಬೆರಳುಗಳು, ನನಗಿಂತ ಚುರುಕಾಗಿದ್ದವು. ನಾನು ಪ್ರತಿ ಸಾಲನ್ನೂ ಓದಿಬಿಡುತ್ತಿದ್ದೆ, ಓದಿ ನಿಲ್ಲುತ್ತಿದ್ದೆ. ಅವರಿಗೆ ಆ ತೊಂದರೆ ಇರಲಿಲ್ಲ.

ಮಧ್ಯಾಹ್ನದ ಊಟದ ಮೇಲೆ, ರಬ್ಬರಿನ ಪುಡಿ ಊದುತ್ತ, ಇದರಲ್ಲಿ ಏನು ಬರೆದಿದ್ದೀ ಎಂದು ಕೇಳಿದರು. ಏಳು ವರ್ಷದಲ್ಲಿ ಮೊದಲ ಸಲ. ಬೇರೆ ದೇಶದಲ್ಲಿ ಹಿಂದೆ ಕೆಲವರು ಕವಿಗಳಿದ್ದರು, ಗುಡ್ಡದಲ್ಲಿ, ಕೆರೆಯ ಬದಿಯಲ್ಲಿ ಒಬ್ಬರೇ ನಡೆಯುತ್ತಿದ್ದರು, ಹಾಗೆ ಇದ್ದಾಗ ಅವರ ಮನಸ್ಸಿಗೆ ಏನಾಯಿತೆಂದು ಬರೆದಿದ್ದೇನೆ ಎಂದೆ.

"ಒಬ್ಬರೇ ಇರುವುದರ ಬಗ್ಗೆಯಾ?"

"ಹೌದು."

"ಅದಕ್ಕೆ ಇಷ್ಟು ಕಾಗದ ಬೇಕಾಯ್ತಾ ಮಾರಾಯ್ತಿ? ನನ್ನ ಹತ್ರ ಕೇಳಿದ್ರೆ ಹೇಳ್ತಿದ್ದೆನಲ್ಲ."

ನಕ್ಕರು. ತಲೆ ಎತ್ತಲಿಲ್ಲ. ನಾನೂ ನಕ್ಕೆ, ಆದರೆ ಬ್ಲೇಡು ಜಾರಿ ಒಂದು ಸಾಲಿನ ಕೊನೆಯಲ್ಲಿ ಕಾಗದ ತೂತಾಯಿತು. ಹಿಂದಿನಿಂದ ತುಂಡು ಕಾಗದ ಅಂಟಿಸಿ, ಹೋದ ಎರಡು ಪದಗಳನ್ನು ಕಪ್ಪು ಶಾಯಿಯಲ್ಲಿ ಬರೆದೆ. ಮುಂದಿನ ಪುಟ ಎತ್ತಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಕೊನೆಯ ಪುಟ ಮುಗಿಯಿತು. ಮೇಣಬಟ್ಟೆಯಲ್ಲಿ ಸುತ್ತಿ ಹೊಲಿದು, ವಿಳಾಸ ಬರೆದೆ.

ಸೋಮವಾರ ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. ಗುರುವಾರವೇ ತಲುಪಿತೆಂದು ಮಾರ್ಗದರ್ಶಕರ ಕಾರ್ಡು ಬಂತು. ಗೀಟಿನ ಸುದ್ದಿ ಅದರಲ್ಲಿರಲಿಲ್ಲ. ಪದವಿಯೂ ಬಂತು. ಕಾಲೇಜಿನಲ್ಲಿ ಚಾ, ಬಿಸ್ಕೂಟು ಕೊಟ್ಟರು. ಓದಲು ಕೊಡಿ ಎಂದು ಯಾರೂ ಕೇಳಲಿಲ್ಲ. ವಾಪಸು ಬಂದ ಪ್ರತಿ ನನ್ನ ಹತ್ತಿರ ಉಂಟು. ಪದ್ಯಗಳ ಬಲಗಡೆ ಕೈಯಾಡಿಸಿದರೆ ಈಗಲೂ ತರಿತರಿ ಸಿಗುತ್ತದೆ. ದೊಡ್ಡಮ್ಮ ಅಳಿಸಿದ್ದು ಯಾವ ಪುಟ, ನಾನು ಅಳಿಸಿದ್ದು ಯಾವುದು ಎಂದು ಬೆರಳಿಗೇ ಗೊತ್ತಾಗುತ್ತದೆ. ಅವರದ್ದು ನಯ. ಮರುವರ್ಷದ ಮಳೆಗಾಲದಲ್ಲಿ ಅವರು ತೀರಿಹೋದರು.

ಹೇಳ್ತಿದ್ದೆನಲ್ಲ ಎಂದರಲ್ಲ, ಏನು ಹೇಳುತ್ತಿದ್ದರೆಂದು ಆ ಭಾನುವಾರ ರಾತ್ರಿಯೇ ಕೇಳಬೇಕೆಂದಿದ್ದೆ. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಅವರ ಚಾಪೆಯ ಹತ್ತಿರ ಹೋಗಿ ಕೂತೆ. ಅಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿ ಉಸಿರು ದೀರ್ಘವಾಗಿತ್ತು. ಅವರ ಬೆರಳ ತುದಿಗಳಲ್ಲಿ ಇನ್ನೂ ಕಾರ್ಬನ್ನಿನ ಕಪ್ಪು. ನಾಳೆ ಕೇಳುವ ಎಂದುಕೊಂಡೆ. ನಾಳೆ ಟಪಾಲಿತ್ತು, ಆಮೇಲೆ ಕಾಲೇಜಿತ್ತು.

ಆ ದಿನದ ಬರಹ ಹೀಗೆ ಮುಗಿಯುತ್ತದೆ: ರಾತ್ರಿ ಗಂಜಿ, ಬಸಳೆಯ ಪದಾರ್ಥ, ಒಂದೊಂದು ಸುಟ್ಟ ಹಪ್ಪಳ. ಮೊದಲು ಮಲಗಿದ್ದು ದೊಡ್ಡಮ್ಮ.