ಕೆಂಡದ ಸುತ್ತ ನಕ್ಷತ್ರಪಾಠ

ನಮ್ಮ ಪಾಠಪಟ್ಟಿ ಬರೆದ ಮಹಾನುಭಾವರು ಆಷಾಢದಲ್ಲಿ ಒಮ್ಮೆಯೂ ಕೊಡಗಿಗೆ ಬಂದವರಲ್ಲ ಎಂದು ನಾನು ಆಣೆಯಿಟ್ಟು ಹೇಳಬಲ್ಲೆ. ಬಂದಿದ್ದರೆ ನಕ್ಷತ್ರಗಳ ಪಾಠವನ್ನು ಜುಲೈ ತಿಂಗಳಿಗೆ ಇಡುತ್ತಿರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಪುಸ್ತಕವೂ ಪಾಠಪಟ್ಟಿಯೂ ಬಯಲುಸೀಮೆಯಿಂದ ಬರುತ್ತಿದ್ದವು, ಅವುಗಳ ಹಿಂದೆಯೇ ಅಧಿಕಾರಿಗಳೂ. ‘ಇಂದು ರಾತ್ರಿ ಆಕಾಶವನ್ನು ಗಮನಿಸಿರಿ’ ಎಂದು ಪುಸ್ತಕ ಅಪ್ಪಣೆ ಕೊಡುತ್ತಿತ್ತು. ಅಮ್ಮತ್ತಿಯ ಹತ್ತಿರ ನಮ್ಮ ಹೈಸ್ಕೂಲು ಇದ್ದ ಜಾಗದಲ್ಲಿ ಹಾಡುಹಗಲೇ ಎದುರಿನ ಕಾಫಿತೋಟ ಕಾಣುತ್ತಿರಲಿಲ್ಲ, ಇನ್ನು ನಕ್ಷತ್ರ!

ನಾನು ಅಲ್ಲಿನ ವಿಜ್ಞಾನದ ಟೀಚರು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆಯವಳು. ಕೋಪ ನನಗೆ ಮೂಗಿನ ತುದಿಯಲ್ಲೇ. ಆ ವರ್ಷ ಅದಕ್ಕೆ ಒಳ್ಳೆಯ ಕಾರಣವೂ ಸಿಕ್ಕಿತ್ತು. ಪ್ರಯೋಗಶಾಲೆಯಿಲ್ಲದ ಶಾಲೆಗೆ ವಿಜ್ಞಾನ ವಿಭಾಗ ಏಕೆ, ಮುಚ್ಚಿಬಿಡೋಣ ಎಂದು ಮೇಲಿನವರು ಯೋಚಿಸಿದ್ದರು. ಇನ್ಸ್‌ಪೆಕ್ಟರು ಬಂದು ನೋಡಿ ತೀರ್ಮಾನ ಹೇಳುವವರಿದ್ದರು. ಮುಚ್ಚಿದರೆ ಹುಡುಗರಿಗೆ ವಿರಾಜಪೇಟೆ ಇತ್ತು, ಹಾಸ್ಟೆಲ್ ಇತ್ತು. ಹುಡುಗಿಯರಿಗೆ ಏನೂ ಇರಲಿಲ್ಲ. ಅವರಲ್ಲಿ ಒಬ್ಬಳು ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ ಮಗಳು, ಮನೆಯಲ್ಲಿ ಅರೆಭಾಷೆ ಆಡುವ ಹುಡುಗಿ. ಪ್ರಶ್ನೆ ಕೇಳಿ ಕೇಳಿ ನನ್ನ ಜೀವ ತಿನ್ನುತ್ತಿದ್ದಳು. ಅವಳ ಅಪ್ಪ ನನ್ನ ಮುಖಕ್ಕೇ ಹೇಳಿದ್ದರು: “ಇಲ್ಲಿ ಉಂಟಾದ್ರೆ ಓದಲಿ ಟೀಚರೇ. ವಿರಾಜಪೇಟೆಗೆಲ್ಲ ನಾನು ಕಳಿಸೂದಿಲ್ಲ.”

ಆ ಮಳೆಯಲ್ಲಿ ಮಕ್ಕಳು ಮೈಲಿಗಟ್ಟಲೆ ನಡೆದು ತೊಪ್ಪೆಯಾಗಿ ಬರುತ್ತಿದ್ದರು. ಒದ್ದೆ ಸ್ವೆಟರಿನಲ್ಲಿ ಹಲ್ಲು ಕಡಿಯುತ್ತ ಕೂತವರ ತಲೆಗೆ ಯಾವ ಪಾಠ ಹತ್ತೀತು? ಕೊಡಗಿನಲ್ಲಿ ಮಳೆಗಾಲಕ್ಕೆ ಮನೆಮನೆಯಲ್ಲೂ ಒಂದು ಏರ್ಪಾಡು ಇರುತ್ತದೆ. ಕೆಂಡದ ಅಗ್ಗಿಷ್ಟಿಕೆಯ ಮೇಲೆ ದೊಡ್ಡ ಬಿದಿರುಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ ಒಣಗಿಸುತ್ತಾರೆ. ನಾನು ಅದನ್ನೇ ತಂದು ತರಗತಿಯ ನಡುವೆ ಇಟ್ಟೆ. ಹೆಡ್ಮಾಸ್ಟರು ಬಾಗಿಲಲ್ಲಿ ನಿಂತು, “ಅಲ್ಲಮ್ಮಾ, ಯಾರಾದ್ರೂ ನೋಡಿದ್ರೆ?” ಎಂದರು. ನೋಡಲಿ ಎಂದೆ. ಅವರು ಒಳ್ಳೆಯವರು, ಆದರೆ ಕಾಗದದ ಸದ್ದಿಗೂ ಬೆಚ್ಚಿಬೀಳುವ ಜನ.

ಆಕಾಶ ಕಾಣದ ಮೇಲೆ ನಕ್ಷತ್ರವನ್ನು ಎಲ್ಲಿಂದ ತೋರಿಸಲಿ? ಕೆಂಡದಿಂದಲೇ ಶುರುಮಾಡಿದೆ. ಸೂರ್ಯನೂ ಒಂದು ನಕ್ಷತ್ರ, ಹತ್ತಿರ ಇರುವುದರಿಂದ ಅವನ ಜೋರು ಅಷ್ಟೆ ಎಂದೆ. ಕೆಂಪಗಿರುವ ಕೆಂಡಕ್ಕಿಂತ, ಊದಿದಾಗ ಬೆಳ್ಳಗಾಗುವ ಕೆಂಡ ಹೆಚ್ಚು ಬಿಸಿ. ನಕ್ಷತ್ರದ ಬಣ್ಣ ನೋಡಿ ಅದರ ಬಿಸಿ ಅಳೆಯುವುದೂ ಹೀಗೆಯೇ ಎಂದೆ. ರೈಟರ ಮಗಳು ಎದ್ದಳು.

“ಹಂಗಾದ್ರೆ ಸೂರ್ಯ ಎಂತಕ್ಕೆ ಬೂದಿ ಆಗೂದಿಲ್ಲ, ಟೀಚರ್?”

ಅಲ್ಲಿ ಉರಿಯುವುದು ಸೌದೆಯಲ್ಲ ಎಂದೆ. ಸೂರ್ಯ ತನ್ನ ಭಾರಕ್ಕೆ ತಾನೇ ಒಳಗೊಳಗೆ ಅಮುಕಿಕೊಂಡು, ಹೈಡ್ರೋಜನ್ ಕಣಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುವಾಗ ಹೊರಡುವ ಶಕ್ತಿ ಅದು. “ಕಾಫಿಹಣ್ಣು ರಾಶಿ ಹಾಕಿದ್ರೆ ಬೆಂಕಿ ಇಲ್ದೆ ಒಳಗೆ ಬಿಸಿ ಆಗ್ತದಲ್ಲ, ಹಂಗಾ?” ಎಂದಳು. ಅದು ಬೇರೆ, ಇದು ಬೇರೆ, ಆದರೆ ಬಿಸಿಗೆ ಬೆಂಕಿಯೇ ಬೇಕಿಲ್ಲ ಅನ್ನುವುದು ನಿನಗೆ ಗೊತ್ತಾಯಿತಲ್ಲ, ಕೂತುಕೋ ಎಂದೆ. ಮುಂದೆ ದೂರದ ಮಾತು ಬಂತು. ಕೆಂಡಕ್ಕೆ ತೀರ ಹತ್ತಿರ ಇಟ್ಟ ಕಾಲುಚೀಲ ಸೀಯುತ್ತದೆ, ಕಿಟಕಿಯ ಹತ್ತಿರದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಭೂಮಿ ಕೂತಿರುವುದು ನಡುವಿನ ಹದವಾದ ಜಾಗದಲ್ಲಿ. ಅಷ್ಟರಲ್ಲಿ ಯಾರೋ ಬುಟ್ಟಿ ಎತ್ತಿಬಿಟ್ಟರು. ಬಿಸಿಯೆಲ್ಲ ಸೀದಾ ಹೆಂಚಿನತ್ತ ಹೋಯಿತು, ಎಲ್ಲರೂ ಹೋ ಎಂದರು. ನಾನು ಬಿಡುತ್ತೇನೆಯೇ? ಭೂಮಿಗೆ ಗಾಳಿಯ ಹೊದಿಕೆ ಇರುವುದೂ ಇದಕ್ಕೇ ಎಂದು ಅದನ್ನೂ ಪಾಠಕ್ಕೆ ಸೇರಿಸಿದೆ.

ಇನ್ಸ್‌ಪೆಕ್ಟರು ಬಂದದ್ದು ಮಳೆ ಇನ್ನಷ್ಟು ಜೋರಾಗಿದ್ದ ದಿನ. ಮೈಸೂರಿನ ಕಡೆಯವರು. ಬಸ್ಸಿಳಿದು ಬರುವಷ್ಟರಲ್ಲಿ ಪ್ಯಾಂಟು ಮೊಣಕಾಲವರೆಗೆ ಒದ್ದೆ, ಕಾಲಿಗೆ ಜಿಗಣೆ, ಮುಖ ಗಂಟಾಗಿತ್ತು. ಒಳಗೆ ಬಂದವರೇ ಬುಟ್ಟಿಯ ಮೇಲೆ ಸಾಲಾಗಿ ಹರಡಿದ್ದ ಸ್ವೆಟರು, ಕಾಲುಚೀಲಗಳನ್ನು ನೋಡಿ ನಿಂತರು.

“ಏನ್ರೀ ಇದು? ಸ್ಕೂಲೋ, ಲಾಂಡ್ರಿಯೋ?”

ಹೆಡ್ಮಾಸ್ಟರು, “ತೆಗೆಸ್ತೀನಿ ಸಾರ್, ಈಗಲೇ ತೆಗೆಸ್ತೀನಿ” ಎಂದು ಜವಾನನನ್ನು ಕೂಗತೊಡಗಿದರು. ನನ್ನ ಕೋಪ ನೆತ್ತಿಗೇರಿತು. “ತೆಗೆಸಬೇಡಿ. ನಮ್ಮ ಪ್ರಯೋಗಶಾಲೆ ಅದೇ ಸಾರ್” ಎಂದೆ. ಹೆಡ್ಮಾಸ್ಟರು ಗೋಡೆ ಹಿಡಿದುಕೊಂಡರು.

“ಹಾಗೋ? ಏನು ಪಾಠ ಆಗಿದೆ?”

“ನಕ್ಷತ್ರ, ಸೂರ್ಯ, ಭೂಮಿಯ ಮೇಲೆ ಜೀವ ಇರೋದಕ್ಕೆ ಕಾರಣ.”

ಅವರು ಮಕ್ಕಳ ಕಡೆ ತಿರುಗಿದರು. ಜೀವಕ್ಕೆ ಸೂರ್ಯನಿಂದ ಹದವಾದ ದೂರ ಬೇಕು ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. “ಸರಿ. ಚಂದ್ರನೂ ಸೂರ್ಯನಿಂದ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದ್ದಾನೆ. ಅಲ್ಲಿ ಯಾಕೆ ಒಂದು ಹುಲ್ಲುಕಡ್ಡಿನೂ ಇಲ್ಲ?” ಎಂದರು.

ಚಂದ್ರನ ಪಾಠ ನಾನಿನ್ನೂ ಮಾಡಿರಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ. ಆಗ ರೈಟರ ಮಗಳು ಎದ್ದು ನಿಂತಳು. ಉತ್ಸಾಹದಲ್ಲಿ ಶಾಲೆಯ ಕನ್ನಡ ಮರೆತು ಮನೆಮಾತೇ ಬಂದುಬಿಟ್ಟಿತು.

“ಚಂದ್ರಂಗೆ ಬುಟ್ಟಿ ಇಲ್ಲೆ, ಸಾರ್!”

“ಏನಿಲ್ಲ? ಯಾವ ಬುಟ್ಟಿ?”

ಅವಳು ಸೀದಾ ಬಂದು ಅಗ್ಗಿಷ್ಟಿಕೆಯ ಮೇಲಿನ ಬುಟ್ಟಿಯನ್ನು ಸ್ವೆಟರುಗಳ ಸಮೇತ ಪಕ್ಕಕ್ಕೆ ಎತ್ತಿಟ್ಟಳು. “ಈಗ ಇದಕ್ಕೆ ಕೈ ಒಡ್ಡಿ ಸಾರ್. ಕೆಂಡದ ಕಡೆ ಸುಡ್ತದೆ, ಹಿಂದೆ ತಣ್ಣಗೆ. ಬಿಸಿ ನಿಲ್ಲೂದೇ ಇಲ್ಲ. ಚಂದ್ರನಲ್ಲಿ ಗಾಳಿ ಇಲ್ಲ ಅಂತ ಪುಸ್ತಕದಲ್ಲಿ ಉಂಟಲ್ಲ, ಅಲ್ಲೂ ಹಂಗೇ. ಹಗಲು ಸುಡ್ತದೆ, ರಾತ್ರಿ ಹೆಪ್ಪುಗಟ್ತದೆ. ದೂರ ಸರಿ ಇದ್ರೆ ಸಾಲದು.”

ನಾನು ಹೇಳಿಕೊಟ್ಟದ್ದಲ್ಲ ಅದು. ಅವಳೇ ಕೂಡಿಸಿ ಕಂಡುಕೊಂಡದ್ದು. ನನಗೆ ಅಲ್ಲೇ ಕುಣಿಯಬೇಕೆನಿಸಿತು.

ಇನ್ಸ್‌ಪೆಕ್ಟರು ಕೆಂಡಕ್ಕೆ ಕೈ ಒಡ್ಡಿ ನೋಡಿದರು. ಒಡ್ಡಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ, ಪಾಪ, ಚಳಿ. “ಸರಿ, ನಮ್ಮ ಸೂರ್ಯನಿಗಿಂತ ಸಣ್ಣ ನಕ್ಷತ್ರ ಇದ್ರೆ? ಅದರ ಸುತ್ತ ಜೀವ ಇರಬಹುದಾ?” ಎಂದು ಕೇಳಿದ ದನಿಯಲ್ಲಿ ಪರೀಕ್ಷೆಯ ಗತ್ತು ಇರಲಿಲ್ಲ.

“ಕೆಂಡ ಸಣ್ಣದಾದ್ರೆ ಹತ್ತಿರ ಕೂತ್ಕೊಂಡ್ರಾಯ್ತು ಸಾರ್!” ಎಂದು ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಕೂಗಿದಳು.

ಅವರು ಜೋರಾಗಿ ನಕ್ಕುಬಿಟ್ಟರು. ಕುರ್ಚಿ ಎಳೆದುಕೊಂಡು ಕೂತು, ಬೂಟು ಬಿಚ್ಚಿ, ತಮ್ಮ ಕಾಲುಚೀಲಗಳನ್ನೂ ಹಿಂಡಿ ರೈಟರ ಮಗಳ ಕೈಗೆ ಕೊಟ್ಟರು. “ಹದವಾದ ಜಾಗ ನೋಡಿ ಹಾಕಮ್ಮಾ” ಎಂದರು. ಆಮೇಲೆ ಹೆಡ್ಮಾಸ್ಟರ ಕಡೆ ತಿರುಗಿದರು. “ವಿಜ್ಞಾನ ಇಲ್ಲೇ ಇರಲಿ. ಮುಚ್ಚಿ ಅಂತ ನಾನು ಬರೆಯೋಲ್ಲ. ಪ್ರಯೋಗಶಾಲೆ ಕೊಡಿ ಅಂತ ಬರೀತೀನಿ.”

ಹುಡುಗಿಯರ ಕೇಕೆಗೆ ಮಳೆಯ ಸದ್ದೇ ಕೇಳದಾಯಿತು. ಹೆಡ್ಮಾಸ್ಟರು ಕಣ್ಣೊರೆಸಿಕೊಳ್ಳುತ್ತ, ಮೊದಲಿನಿಂದಲೂ ತಾವು ಇದನ್ನೇ ಹೇಳುತ್ತಿದ್ದುದಾಗಿ ವಿವರಿಸತೊಡಗಿದರು. ರೈಟರ ಮಗಳು ಮಾತ್ರ ನನ್ನ ಸೆರಗಿನ ಹತ್ತಿರ ಬಂದು, “ಹಂಗಾದ್ರೆ ನಾನು ಓದಬಹುದಾ ಟೀಚರ್?” ಎಂದು ಮೆಲ್ಲಗೆ ಕೇಳಿದಳು.

“ಓದು ಮಗಳೇ, ಓದು! ಯಾರು ಬೇಡ ಅಂತಾರೆ, ನಾನೂ ನೋಡ್ತೀನಿ!”

ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಕೋಣೆಯ ಕನ್ನಡ ಪಂಡಿತರು ಪಾಠ ನಿಲ್ಲಿಸಿ ಓಡಿಬಂದರು.