ಎಲ್ಲಕ್ಕೂ ಮೊಳೆ ಹೊಡೆದ ಸ್ಕೆಚ್

ದಾವಣಗೆರೆಯ ಪಾಲಿಟೆಕ್ನಿಕ್‌ನಲ್ಲಿ ಹನ್ನೊಂದು ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವಳು ನಾನು. ಗೆರೆ ಎಳೆಯುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಜಂಬ ಇತ್ತು. ತೊಂಬತ್ತೊಂಬತ್ತರಲ್ಲಿ ಅಮೆರಿಕದ ಡೆಟ್ರಾಯಿಟ್ ಪಕ್ಕದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಸಣ್ಣ ಡಿಸೈನ್ ಕಂಪನಿಗೆ ಸೇರಿದ ಮೊದಲ ವಾರವೇ ಅದು ಇಳಿಯಿತು. ಕಾರಿನ ಸೀಟುಗಳ ಅಡಿಗೆ ಬರುವ ಉಕ್ಕಿನ ಬ್ರಾಕೆಟ್‌ಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವುದು ನಮ್ಮ ಕೆಲಸ. ಮೂರು ತಿಂಗಳು ನೋಡುತ್ತೇವೆ, ಸರಿಹೋಗದಿದ್ದರೆ ಇಲ್ಲ ಎಂದು ಬಾಸ್ ಮೊದಲೇ ಹೇಳಿದ್ದರು. ವೀಸಾ ನನ್ನದು. ಗಂಡ ಮತ್ತು ಎರಡನೇ ಕ್ಲಾಸಿನ ಮಗಳು ಅದರ ಬಾಲ ಹಿಡಿದು ಬಂದವರು. ನನ್ನ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕಿತ್ತು.

ಕಾಗದದ ಮೇಲೆ ಗೆರೆ ಎಳೆದರೆ ಅದು ಎಳೆದ ಕಡೆ ಇರುತ್ತದೆ. ಈ ಸಾಫ್ಟ್‌ವೇರಿನಲ್ಲಿ ಇರುತ್ತಿರಲಿಲ್ಲ. ಒಂದು ಅಳತೆ ಕೊಟ್ಟರೆ ಆ ಗೆರೆ ಉದ್ದವಾಗುತ್ತಿತ್ತು, ಅದಕ್ಕೆ ತಾಗಿಕೊಂಡದ್ದು ಓರೆಯಾಗುತ್ತಿತ್ತು, ನಾನು ಮುಟ್ಟದೇ ಇದ್ದ ಇನ್ನೊಂದು ಎಲ್ಲಿಗೋ ಜಾರುತ್ತಿತ್ತು. ಎಲ್ಲಿರಬೇಕೆಂದು ತೀರ್ಮಾನವಾಗದ ಗೆರೆ ನೀಲಿ, ತೀರ್ಮಾನವಾದದ್ದು ಕಪ್ಪು. ಸ್ಕೆಚ್‌ನಲ್ಲಿ ನೀಲಿ ಉಳಿಯಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದ್ದರು. ನಾನೋ, ಡ್ರಾಯಿಂಗ್ ಬೋರ್ಡಿನ ಅಭ್ಯಾಸದಲ್ಲಿ ಇಡೀ ಬ್ರಾಕೆಟ್ಟನ್ನು ಒಂದೇ ಸ್ಕೆಚ್‌ನಲ್ಲಿ ಬರೆದಿದ್ದೆ. ಹೊರಗಿನ ಅಂಚು, ದುಂಡು ಮೂಲೆ, ಏಳು ತೂತು, ಎಲ್ಲ ಒಟ್ಟಿಗೆ. ಒಂದು ಕಡೆ ಕಪ್ಪಾದರೆ ಇನ್ನೊಂದು ಕಡೆ ನೀಲಿಯಾಗಿ, ನನ್ನ ತಲೆ ಮೊಸರುಗಡಿಗೆಯಾಯಿತು.

ಆಗ ಮೆನುವಿನಲ್ಲಿ ಫಿಕ್ಸ್ ಎಂಬುದೊಂದು ಕಣ್ಣಿಗೆ ಬಿತ್ತು. ಒತ್ತಿದರೆ ಗೆರೆ ಇದ್ದಲ್ಲೇ ನಿಲ್ಲುತ್ತಿತ್ತು. ಪೂರ್ತಿ ಸ್ಕೆಚ್ ಆರಿಸಿಕೊಂಡು ಒತ್ತಿಯೇಬಿಟ್ಟೆ. ಎಲ್ಲ ಕಪ್ಪು. ಇಷ್ಟೇನಾ ಎಂದು ಅನುಮಾನ ಬಂತು, ಆದರೆ ಯಾರನ್ನೂ ಕೇಳಲಿಲ್ಲ. ಮೇಷ್ಟ್ರ ಕೆಲಸ ಮಾಡಿದವರಿಗೆ ಕೇಳುವುದೆಂದರೆ ನಾಚಿಕೆ. ಆ ಸಂಜೆ ಖುಷಿಗೆ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ ಮಾಡಿದೆ.

ಎರಡು ವಾರ ಕಳೆದ ಮೇಲೆ ಗಿರಾಕಿ ಕಂಪನಿಯವರು ಬ್ರಾಕೆಟ್‌ನ ಉದ್ದವನ್ನು ನಾಲ್ಕು ಇಂಚಿನಿಂದ ಐದಕ್ಕೆ ಏರಿಸಿದರು. ಬಾಸ್ ನನ್ನ ಕುರ್ಚಿಯಲ್ಲೇ ಕೂತು ನಾಲ್ಕನ್ನು ಐದು ಮಾಡಲು ಹೋದರು. ಆಗಲಿಲ್ಲ. ಒಂದು ಅಂಚನ್ನು ಬಿಡಿಸಿ ಎಳೆದರು. ಅದೊಂದು ಬಂತು, ಉಳಿದದ್ದೆಲ್ಲ ಅಲ್ಲೇ ನಿಂತಿತು, ಮೂಲೆಗಳು ಕಿತ್ತುಕೊಂಡವು, ಪರದೆ ತುಂಬ ಕೆಂಪು ಎಚ್ಚರಿಕೆ. ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ. ಮೊದಲಿನಿಂದ ಮಾಡು, ಶುಕ್ರವಾರ ನಾನೇ ಅಳತೆ ಬದಲಾಯಿಸಿ ನೋಡುತ್ತೇನೆ, ಆಮೇಲೆ ನಿನ್ನ ಕೆಲಸದ ವಿಷಯ ಮಾತಾಡೋಣ ಎಂದು ಇಂಗ್ಲಿಷ್‌ನಲ್ಲಿ ಮೆಲ್ಲಗೆ ಹೇಳಿ ಎದ್ದು ಹೋದರು.

ಪಕ್ಕದ ಟೇಬಲ್ಲಿನಲ್ಲಿ ಬಿಜಾಪುರದ ಕಡೆಯ ಹಿರಿಯರೊಬ್ಬರಿದ್ದರು. ಇಪ್ಪತ್ತು ವರ್ಷದಿಂದ ಡೆಟ್ರಾಯಿಟ್ ಸುತ್ತಮುತ್ತಲೇ ಡಿಸೈನ್ ಮಾಡಿದವರು. ಮಧ್ಯಾಹ್ನದ ನಮಾಜ್ ಮುಗಿಸಿ ಬಂದು ನನ್ನ ಪರದೆ ನೋಡಿದರು.

"ಎಲ್ಲಾದಕ್ಕೂ ಮೊಳಿ ಹೊಡದೀರಲ್ರಿ ತಂಗಿ."

"ಕಪ್ಪಾಗ್ಬೇಕು ಅಂದಿದ್ರಲ್ಲ ಅಂಕಲ್, ಆಗಿದೆ."

"ಈ ತೂತು ನಟ್ಟ ನಡುವ ಯಾಕ ಅದ?"

"ಅಂಚಿನಿಂದ ಎರಡು ಇಂಚು ಅಂತ ಡ್ರಾಯಿಂಗ್‌ನಲ್ಲಿದೆ."

"ಉದ್ದ ಐದಾತು. ಈಗೂ ಎರಡೇನು?"

ಸಿಟ್ಟು ಬಂತು, ಅವರ ಮೇಲಲ್ಲ ಎಂದು ಈಗ ಹೇಳಬಹುದು, ಆಗ ಅವರ ಮೇಲೆಯೇ ಬಂದಿತ್ತು.

ಅವರು ಎಲ್ಲ ಅಳಿಸಿ ಹಾಕಿಸಿದರು. ಮೊದಲು ಬರೀ ಹೊರಗಿನ ಆಯತ, ಅದರ ನಡು ಪರದೆಯ ಶೂನ್ಯ ಬಿಂದುವಿನ ಮೇಲೆ. ತೂತುಗಳಿಗೆ ಬೇರೆ ಸ್ಕೆಚ್. ಮೂಲೆ ದುಂಡು ಮಾಡುವುದು ಎಲ್ಲಕ್ಕಿಂತ ಕೊನೆಗೆ. ಅಂಕಿ ಕೊಡುವ ಮೊದಲು ಯಾವುದು ಯಾವುದಕ್ಕೆ ಸಮ, ಯಾವುದು ಯಾವುದರ ನಡುವೆ ಎಂದು ಹೇಳಬೇಕು. "ಹಿಡದು ಎಳೀರಿ" ಎಂದರು. "ಯಾವ್ದು ಅಳ್ಳಾಡ್ತದ, ಅದರ ಬಗ್ಗೆ ನೀವಿನ್ನೂ ಏನೂ ಹೇಳಿಲ್ಲ ಅಂತ ತಿಳ್ಕೋರಿ." ಕೇಳುವಾಗ ಅರ್ಥವಾದಂತಿರುತ್ತಿತ್ತು, ಅವರು ಅತ್ತ ಹೋದೊಡನೆ ಮತ್ತೆ ಗೊಂದಲ. ಆದರೂ ಬುಧವಾರದ ಹೊತ್ತಿಗೆ ಆರು ತೂತು ಕಪ್ಪಾದವು, ಉದ್ದ ಬದಲಿಸಿದರೆ ಜೊತೆಗೆ ಸರಿದವು.

ಏಳನೆಯದು ಮಾತ್ರ ಎಡ ಅಂಚಿನ ಹತ್ತಿರ ಒಂಟಿಯಾಗಿತ್ತು. ಬ್ರಾಕೆಟ್ ಉದ್ದವಾದಾಗ ಅದು ಅಂಚಿನ ಜೊತೆ ಹೋಗಬೇಕೋ, ನಡುವಿನ ಗೆರೆಯಿಂದ ಮೊದಲಿದ್ದಷ್ಟೇ ದೂರ ಉಳಿಯಬೇಕೋ? ಹೇಗೆ ಬರೆದರೂ ನಾಲ್ಕು ಇಂಚಿನಲ್ಲಿ ಒಂದೇ ಚಿತ್ರ. ಅಂಕಲ್‌ನ ಕೇಳಿದೆ. "ಖರೇನ ನನಗೂ ಗೊತ್ತಿಲ್ರಿ. ಬಾಸ್‌ನ ಕೇಳ್ರಿ" ಎಂದರು. ಬಾಸ್‌ನ ಕೇಳುವುದೆಂದರೆ ನಾನು ಬರೆಯುತ್ತಿರುವ ವಸ್ತು ಏನೆಂದೇ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಗುರುವಾರವೆಲ್ಲ ಅದೇ ತೂತನ್ನು ನೋಡುತ್ತಾ ಕೂತೆ.

ಶುಕ್ರವಾರ ಬೆಳಿಗ್ಗೆ ಬಾಸ್ ಬಂದರು. ಕಣ್ಣು ನೇರ ಅಲ್ಲಿಗೇ ಹೋಯಿತು. "ಒಂದು ನೀಲಿ ಉಳಿದಿದೆ."

"ಅದು ಅಂಚಿನ ಜೊತೆ ಹೋಗಬೇಕಾ ಅಂತ ನನಗೆ ಗೊತ್ತಿಲ್ಲ" ಎಂದೆ.

ತಮಗೂ ಗೊತ್ತಿಲ್ಲ ಎಂದರು ಬಾಸ್. ನನ್ನ ಟೇಬಲ್ಲಿನ ಫೋನಿನಿಂದಲೇ ಗಿರಾಕಿ ಕಂಪನಿಗೆ ಕರೆ ಮಾಡಿ ಸ್ಪೀಕರ್ ಒತ್ತಿದರು. ಆ ಕಡೆಯ ಎಂಜಿನಿಯರ್ ಸೀಟ್ ಬೆಲ್ಟಿನ ಬೋಲ್ಟು ಕೂರುವ ತೂತು ಅದು ಎಂದ. ಅಂಚಿನಿಂದ ಮುಕ್ಕಾಲು ಇಂಚು, ಉದ್ದ ಎಷ್ಟೇ ಆಗಲಿ. ಕದಲಿದರೆ ಬೋಲ್ಟು ಪೂರ್ತಿ ಕಚ್ಚುವುದಿಲ್ಲ, ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ.

ಮುಕ್ಕಾಲು ಎಂದು ಬರೆದೆ. ಕಪ್ಪಾಯಿತು. ಬಾಸ್ ನಾಲ್ಕನ್ನು ಐದು ಮಾಡಿದರು, ಎಲ್ಲ ಸರಿದು ತಮ್ಮ ತಮ್ಮ ಜಾಗದಲ್ಲಿ ನಿಂತವು. ಮುಂದಿನ ಬ್ರಾಕೆಟ್ ಸೋಮವಾರ ಕೊಡುತ್ತೇನೆ ಎಂದು ಹೊರಟರು. ಕೇಳಿ ಒಳ್ಳೆಯದು ಮಾಡಿದೆ ಎಂದೂ ಒಂದು ಮಾತು ಸೇರಿಸಿದರು.

ಮನೆಗೆ ಫೋನ್ ಮಾಡಿದೆ. "ಉಳೀತಾ?" ಎಂದರು ಗಂಡ.

"ಉಳೀತು" ಎಂದೆ.

ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ಆ ತೂತನ್ನು ಆರಿಸಿ, ಫಿಕ್ಸ್ ಮೇಲೆ ಮೌಸ್ ಇಟ್ಟು ಕೂತಿದ್ದೆ ಎಂದು ಮಾತ್ರ ಹೇಳಲಿಲ್ಲ. ಒತ್ತಿದ್ದರೆ ಅದೂ ಕಪ್ಪಾಗುತ್ತಿತ್ತು, ಒಂಟಿ ತೂತಾದ್ದರಿಂದ ಐದು ಇಂಚಿಗೆ ಏರಿಸಿದರೂ ಏನೂ ಕಿತ್ತುಕೊಳ್ಳುತ್ತಿರಲಿಲ್ಲ, ಬಾಸ್ ಮೆಚ್ಚುತ್ತಿದ್ದರು, ಕೆಲಸವೂ ಉಳಿಯುತ್ತಿತ್ತು. ಪ್ರಾಮಾಣಿಕತೆಯಿಂದ ಬಿಟ್ಟೆ ಎಂದು ಹೇಳಿಕೊಳ್ಳಲು ಆಸೆಯಿದೆ. ಕೈ ಯಾಕೆ ತಡೆಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.