ಜರೀನಾ ಕೊಂಡ ಪಿಸ್ತೂಲು

ಹೊಲಿಗೆ ಮಷೀನಿಗೆ ಎಣ್ಣೆ ಬಿಡುವಾಗ ನನಗೆ ಬಂದೂಕಿನ ಅಂಗಡಿ ನೆನಪಾಗುತ್ತದೆ ಎಂದರೆ ನೀವು ನಗಬಹುದು. ಮೊನ್ನೆ ಇಲ್ಲಿ ಅಮೆರಿಕದ ರಾಕ್‌ವಿಲ್ಲಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಪರದೆಯ ಅಂಚು ಮಡಚಿ ಹೊಲಿಯೋಣವೆಂದು ಮಷೀನು ತೆಗೆದು ಕೂತೆ. ಎಣ್ಣೆಯ ವಾಸನೆ ಮೂಗಿಗೆ ತಾಗಿತು. ಬೇರೆಯವರಿಗೆ ಮಲ್ಲಿಗೆಯ ವಾಸನೆಗೆ ತವರು ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ, ಜಾರ್ಜಿಯಾದ ಒಂದು ಅಂಗಡಿಯ ಗಾಜಿನ ಪೆಟ್ಟಿಗೆಯೂ ಅದರ ಮುಂದೆ ನಿಂತ ಜರೀನಾಳೂ ಕಣ್ಣ ಮುಂದೆ ಬಂದರು.

ನಾವು ಅಟ್ಲಾಂಟಾ ಪಕ್ಕದ ಅಲ್ಫರೆಟಾದಲ್ಲಿದ್ದಾಗ ಜರೀನಾ ನಮ್ಮಿಂದ ಎರಡು ಮನೆ ಆಚೆ ಇದ್ದಳು. ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ, ನನಗಿಂತ ಸ್ವಲ್ಪ ಚಿಕ್ಕವಳು. ಕೆಲಸ ಫಿಸಿಕಲ್ ಥೆರಪಿ. ಮೊಣಕಾಲು ಆಪರೇಷನ್ ಮಾಡಿಸಿಕೊಂಡ ಆರಡಿ ಅಮೆರಿಕನ್ನರನ್ನು ಗದರಿಸಿ ಗದರಿಸಿ ನಡೆಸುವುದು ಅವಳಿಗೆ ಬಲು ಇಷ್ಟದ ಕೆಲಸ. ಗಂಡ ಇಮ್ತಿಯಾಜ್ ಅಷ್ಟೇ ಮೆತ್ತಗಿನ ಮನುಷ್ಯ, ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಮಷೀನು ಶುರು ಮಾಡಿದರೂ ಬೆಚ್ಚುತ್ತಿದ್ದರು. ಮೂವರೂ, ಅಂದರೆ ಪುಟ್ಟ ಮಗಳು ಆಯೇಷಾ ಸೇರಿ, ಈ ದೇಶದ ಪ್ರಜೆಗಳು. ನಾವು ಇನ್ನೂ ವೀಸಾದವರು. ಎದುರು ಮನೆಯ ಸುಧಾ ಮಲ್ಲೇಶ್ವರದವಳು. ಅವಳ ಕರಿಬೇವಿನ ಗಿಡ ಚಳಿಗಾಲ ಬಂದರೆ ಕುಂಡದ ಸಮೇತ ಜರೀನಾಳ ಮನೆಯ ಬಿಸಿಲುಕೋಣೆಗೆ ಬಂದು, ಮಾರ್ಚಿನಲ್ಲಿ ವಾಪಸ್ಸು ಹೋಗುತ್ತಿತ್ತು. ಅಟ್ಲಾಂಟಾದ ಚಳಿಯಲ್ಲಿ ಕರಿಬೇವು ಉಳಿಸಿಕೊಳ್ಳುವುದು ಮಕ್ಕಳನ್ನು ಸಾಕಿದ ಹಾಗೆ. ಯಾರ ಮನೆಯಲ್ಲಿ ಬಿಸಿಲಿದೆಯೋ ಅಲ್ಲಿ ಬಿಡಬೇಕು.

ಕೋವಿಡ್ ಸ್ವಲ್ಪ ಇಳಿದು ಜನ ಮತ್ತೆ ಓಡಾಡತೊಡಗಿದ್ದ ಕಾಲ. ಒಂದು ಮಧ್ಯಾಹ್ನ ಜರೀನಾ ದಿನಸಿ ಮುಗಿಸಿ ಬರುವಾಗ ಪಿಕಪ್ ಟ್ರಕ್ಕೊಂದು ಅಂಗಡಿಯ ಪಾರ್ಕಿಂಗಿನಿಂದ ಹಿಂದೆ ಬಿತ್ತು. ಹೈವೇ ಇಳಿದರೂ ಬಿಡಲಿಲ್ಲ. ಒಳಗಿದ್ದವನು ಪಕ್ಕಕ್ಕೆ ಬಂದು, ಕಿಟಕಿ ಇಳಿಸಿ, ಅವಳ ತಲೆಯ ಸ್ಕಾರ್ಫ್ ತೋರಿಸಿ ಏನೇನೋ ಕೂಗಿದ. ನಮ್ಮ ಬಡಾವಣೆಯ ಗೇಟಿನವರೆಗೂ ಬಂದು, ನಕ್ಕು, ತಿರುಗಿ ಹೋದ. ನಂಬರ್ ನೋಡಲಿಲ್ಲವಲ್ಲ, ಏನು ಮಾಡೋಣ ಎಂದರು ಪೊಲೀಸರು.

ಆ ವಾರವೇ ಅವರ ಮನೆಗೆ ಊಟಕ್ಕೆ ಹೋದಾಗ ಅವಳು ಹೇಳಿದಳು: "ಅಕ್ಕಾ, ನಾನು ಗನ್ ತಗೋತೀನಿ."

ಇಮ್ತಿಯಾಜ್ ತಟ್ಟೆಯಿಂದ ತಲೆ ಎತ್ತಿದರು. "ಮನೇಲಿ ಮಗು ಇದೆ ಜರೀನಾ."

"ಅವತ್ತು ಕಾರಲ್ಲೂ ಇತ್ತು," ಎಂದಳು. ಆಯೇಷಾ ಹಿಂದಿನ ಸೀಟಿನಲ್ಲಿದ್ದದ್ದು ಆ ಕ್ಷಣದವರೆಗೂ ನನಗೆ ಗೊತ್ತಿರಲಿಲ್ಲ.

ಹಾಗೆ ನಾನು ಅವಳ ಜೊತೆ ಬಂದೂಕಿನ ಅಂಗಡಿಗೆ ಹೋದೆ. ಜಿರಳೆ ಕಂಡರೆ ಕುರ್ಚಿ ಹತ್ತುವವಳು ನಾನು. ಯಾಕೆ ಕರೆದುಕೊಂಡು ಹೋದಳೋ. ಒಬ್ಬಳೇ ಹೋಗುವುದು ಬೇಡ ಅನ್ನಿಸಿರಬೇಕು, ಅಷ್ಟೇ. ಒಳಗೆ ಕಾಲಿಟ್ಟರೆ ಅದೇ ಎಣ್ಣೆಯ ವಾಸನೆ. ಗೋಡೆಯ ಮೇಲೆ ಬಾವುಟ, ಜಿಂಕೆಯ ತಲೆ. ಅಂಗಡಿಯ ಯಜಮಾನ ಬಿಳಿ ಗಡ್ಡದ ಬಿಳಿಯ. ಅಲ್ಲಿ ನಮ್ಮಿಬ್ಬರನ್ನು ಯಾರಾದರೂ ದುರುಗುಟ್ಟಿ ನೋಡುತ್ತಾರೆ ಎಂದು ಮೈ ಬಿಗಿಹಿಡಿದುಕೊಂಡೇ ಹೋಗಿದ್ದೆ. ಆತ ಜರೀನಾಳ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿಕೊಂಡ. "ಮ್ಯಾಮ್, ಈ ಹಕ್ಕು ನನ್ನಂಥವರದ್ದು ಮಾತ್ರ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮಂಥವರಿಗಾಗಿಯೇ ಇದು ಇರುವುದು," ಎಂದ. ಆ ಮಾತು ನಾಟಕವಾಗಿರಲಿಲ್ಲ. ಹೆಂಗಸರಿಗೆಂದು ಭಾನುವಾರ ಬೆಳಿಗ್ಗೆ ಅವನೇ ಪುಕ್ಕಟೆ ತರಗತಿ ನಡೆಸುತ್ತಿದ್ದ.

ನನ್ನ ಕಡೆ ತಿರುಗಿ ನೀವೂ ಪ್ರಜೆಯೇ, ಇಲ್ಲದಿದ್ದರೆ ಯಾವ ವೀಸಾ ಎಂದು ಕೇಳಿದ. ಹೇಳಿದೆ. ಹಾಗಾದರೆ ನೀವು ಮುಟ್ಟುವ ಹಾಗಿಲ್ಲ, ಬೇಟೆಯ ಲೈಸೆನ್ಸ್ ಇದ್ದರೆ ಬೇರೆ ಮಾತು ಎಂದು ಕ್ಷಮೆ ಕೇಳಿದ. ಶಾಲೆಯಲ್ಲಿ ಆಟದ ಪೀರಿಯಡ್ಡಿಗೆ ಚೀಟಿ ತಂದು ತಪ್ಪಿಸಿಕೊಂಡಾಗ ಆಗುತ್ತಿದ್ದಷ್ಟೇ ಸಂತೋಷ ಆಯಿತು ನನಗೆ. ವರ್ಷಗಟ್ಟಲೆ ತೆರಿಗೆ ಕಟ್ಟಿದವರಿಗೆ ಆತ್ಮರಕ್ಷಣೆಯ ಹಕ್ಕಿಲ್ಲ, ಆದರೆ ಜಿಂಕೆ ಹೊಡೆಯುವುದಾದರೆ ಸರಿ ಎನ್ನುವುದರ ವಿಚಿತ್ರ ಹೊಳೆದದ್ದು ಮನೆಗೆ ಬಂದ ಮೇಲೆ.

ತರಗತಿಯಲ್ಲಿ ನಾನು ಹಿಂದೆ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಜರೀನಾ ಗುರಿ ತಪ್ಪುತ್ತಿರಲಿಲ್ಲ. ಅವಳ ಪಕ್ಕ ಡೆನಿಸ್ ಎಂಬ ಕಪ್ಪು ಹೆಂಗಸು, ಆಸ್ಪತ್ರೆಯಲ್ಲಿ ನರ್ಸು, ನಿಧಾನ ಮಾತಿನವಳು. ಕೊನೆಯ ಭಾನುವಾರ ಹೊರಗೆ ಬಂದಾಗ ಆಕೆ ಜರೀನಾಳನ್ನು ತನ್ನ ಕಾರಿನ ಹತ್ತಿರ ಕರೆದಳು. "ಗುರಿ ಇಡುವುದು ಕಲಿತೆ. ಈಗ ಕೂರುವುದನ್ನು ಕಲಿ. ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ, ಬೆರಳು ಬಿಡಿಸಿ. ಪರ್ಸಿಗೆ ಕೈ ಹಾಕಬೇಡ, ಲೈಸೆನ್ಸ್ ಕೇಳಿದರೂ ಮೊದಲು ಎಲ್ಲಿದೆ ಅಂತ ಬಾಯಲ್ಲಿ ಹೇಳು. ಇದನ್ನು ಒಳಗೆ ಯಾರೂ ಹೇಳಿಕೊಡುವುದಿಲ್ಲ. ನನಗೆ ನಮ್ಮಮ್ಮ ಹೇಳಿಕೊಟ್ಟದ್ದು, ನನ್ನ ತಮ್ಮಂದಿರ ಜೊತೆ ಕೂರಿಸಿ." ಜರೀನಾ ನಗುತ್ತಲೇ ತಲೆಯಾಡಿಸಿದಳು. ಡೆನಿಸ್ ನಗಲಿಲ್ಲ.

ಬೆರಳಚ್ಚು, ತಪಾಸಣೆ ಎಲ್ಲ ಮುಗಿದು ಲೈಸೆನ್ಸ್ ಬಂತು. ಪಿಸ್ತೂಲು ಅವಳ ಪರ್ಸಿನೊಳಗೆ ಚರ್ಮದ ಚೀಲದಲ್ಲಿ ಇರುತ್ತಿತ್ತು. ಇಲ್ಲಿ ಇನ್ನೊಬ್ಬರ ಮಾತನ್ನೂ ಹೇಳಿಬಿಡಬೇಕು. ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಬಿಳಿಯ ಯಜಮಾನರು ಸೊಂಟಕ್ಕೆ ಎಲ್ಲರಿಗೂ ಕಾಣುವಂತೆ ಪಿಸ್ತೂಲು ಸಿಕ್ಕಿಸಿಕೊಂಡೇ ನಾಯಿ ಸುತ್ತಾಡಿಸುತ್ತಿದ್ದರು. ಮಕ್ಕಳೆಲ್ಲ ಓಡಿಹೋಗಿ ಆ ನಾಯಿಯ ತಲೆ ಸವರುತ್ತಿದ್ದರು. ನಾವೂ ಕೈ ಬೀಸುತ್ತಿದ್ದೆವು.

ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ, ಆಯೇಷಾಳ ಈಜು ಮುಗಿಯುವ ಹೊತ್ತಿಗೆ ಕರೆತರಲೆಂದು ನಾನೂ ಜರೀನಾಳೂ ಬಡಾವಣೆಯ ಈಜುಕೊಳಕ್ಕೆ ಹೋದೆವು. ಕೊಳದ ಆವರಣದೊಳಗೆ ಆಯುಧ ಕೂಡದೆಂಬ ನಿಯಮ. ಜರೀನಾ ಕಾರಿನ ಹಿಂಬದಿ ತೆರೆದು, ಪಿಸ್ತೂಲನ್ನು ಪರ್ಸಿನಿಂದ ತೆಗೆದು, ಅಲ್ಲಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಇನ್ನೂ ಸಮಯವಿತ್ತು, ಬಿಸಿಲು ಬೇರೆ. ಏಸಿ ಹಾಕಿಕೊಂಡು ಒಳಗೇ ಕೂತು ಯಾರದೋ ಮದುವೆಯ ಸೀರೆಯ ವಿಷಯ ಮಾತಾಡುತ್ತಿದ್ದೆವು.

ಎರಡು ಪೊಲೀಸ್ ಕಾರುಗಳು ಹಿಂದೊಂದು ಮುಂದೊಂದು ಬಂದು ನಿಂತವು. ಕೈ ತೋರಿಸಿ ಎಂದು ಕೂಗಿದರು. ನಾನು ಫೋನಿಗೆ ಕೈ ಹಾಕಲು ಹೊರಟೆ. ಜರೀನಾಳ ಕೈ ಆಗಲೇ ಸ್ಟೀರಿಂಗ್ ಮೇಲಿತ್ತು, ಬೆರಳು ಬಿಡಿಸಿಕೊಂಡು. "ಅಕ್ಕಾ, ಕೈ ಡ್ಯಾಶ್‌ಬೋರ್ಡ್ ಮೇಲಿಡಿ. ಫೋನ್ ಮುಟ್ಬೇಡಿ," ಎಂದಳು ಮೆಲ್ಲಗೆ, ರೋಗಿಗೆ ಹೇಳುವ ಹಾಗೆ. ಕಿಟಕಿಯ ಬಳಿ ಬಂದ ಹುಡುಗ ಅಧಿಕಾರಿಯ ಕೈ ಅವನ ಸೊಂಟದ ಮೇಲಿತ್ತು. ಅವನಿಗೂ ಹೆದರಿಕೆಯಾಗಿತ್ತು, ಮೇಲ್ತುಟಿಯ ಮೇಲೆ ಬೆವರು. ಜರೀನಾ ಒಂದೊಂದೇ ಹೇಳಿದಳು: ಪಿಸ್ತೂಲು ಹಿಂದೆ ಪೆಟ್ಟಿಗೆಯಲ್ಲಿದೆ, ಬೀಗ ಹಾಕಿದೆ, ಲೈಸೆನ್ಸ್ ಪರ್ಸಿನಲ್ಲಿದೆ, ಪರ್ಸು ಇವರ ಕಾಲ ಬಳಿ ಇದೆ. ನಮ್ಮನ್ನು ಇಳಿಸಿ, ಕಾರಿಗೆ ಮುಖ ಮಾಡಿ ನಿಲ್ಲಿಸಿದರು. ತಪಾಸಣೆಯೆಲ್ಲ ಮುಗಿದ ಮೇಲೆ ಆ ಹುಡುಗನೇ ಲೈಸೆನ್ಸ್ ಮರಳಿಸಿ, "ನೀವು ಮಾಡಿದ್ದೆಲ್ಲ ಸರಿಯಾಗೇ ಇದೆ ಮ್ಯಾಮ್, ಒಳ್ಳೆಯ ದಿನವಾಗಲಿ," ಎಂದ.

ತಿರುಗಿ ನೋಡಿದರೆ ಕೊಳದ ಬೇಲಿಯ ಹಿಂದೆ ಆಯೇಷಾ ಟವೆಲ್ ಸುತ್ತಿಕೊಂಡು ನಿಂತಿದ್ದಳು. ಕಾರಿನಲ್ಲಿ ಕೂತ ಮೇಲೆ ಇಂಗ್ಲಿಷಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: ಮಾಮ್, ನೀನೇನಾದರೂ ತಪ್ಪು ಮಾಡಿದೆಯಾ?

ಪೊಲೀಸರಿಗೆ ಫೋನ್ ಮಾಡಿದ್ದು ಸುಧಾ. ಸಂಜೆ ಅವಳೇ ಅಳುತ್ತಾ ಜರೀನಾಳ ಮನೆಗೆ ಬಂದಳು; ನಾನು ಅಲ್ಲೇ ಇದ್ದೆ. ಆ ವರ್ಷ ಟೀವಿ ಹಾಕಿದರೆ ಎಲ್ಲೋ ಒಂದು ಕಡೆ ಗುಂಡಿನ ಸುದ್ದಿ. ಅವಳ ಮಗನೂ ಆಗ ನೀರಿನಲ್ಲಿದ್ದ. ಅವಳ ಭಯ ಸುಳ್ಳಲ್ಲ.

"ನಾನು ದೂರದಿಂದ ನೋಡಿದ್ದು ಕಣೇ. ಮುಖ ಕಾಣ್ಲಿಲ್ಲ. ಸ್ಕಾರ್ಫ್ ಕಾಣ್ತು, ಕೈಯಲ್ಲಿ ಗನ್ ಕಾಣ್ತು. ನೀನು ಅಂತ ಗೊತ್ತಿದ್ರೆ ಕಾಲ್ ಮಾಡ್ತಿದ್ನಾ?"

ಜರೀನಾ ಅವಳಿಗೆ ನೀರು ತಂದುಕೊಟ್ಟಳು. ಅವಳು ಕುಡಿದು ಮುಗಿಸುವವರೆಗೂ ಕಾದು, "ನಾನಲ್ದೆ ಬೇರೆ ಯಾರೋ ಸ್ಕಾರ್ಫ್‌ನವಳು ಆಗಿದ್ರೆ ಸರಿನಾ ಸುಧಾ?" ಎಂದಳು. "ಕೊನೇ ಮನೆ ಅಂಕಲ್ ದಿನಾ ಸಿಕ್ಕಿಸ್ಕೊಂಡು ಬರ್ತಾರಲ್ಲ, ಅವರಿಗೆ ಯಾವತ್ತಾದ್ರೂ ಕಾಲ್ ಮಾಡಿದ್ಯಾ?"

ಸುಧಾ ಲೋಟವನ್ನು ಮೇಜಿನ ಮೇಲಿಟ್ಟು ಎದ್ದಳು.  ಅಂಗಡಿಯ ಬಾಗಿಲಲ್ಲಿ ಮೈ ಬಿಗಿಹಿಡಿದವಳು ನಾನು, ಗಡ್ಡದ ಬಿಳಿಯನಿಗೆ ಹೆದರಿ. ಕರಿಬೇವು ಹಂಚಿಕೊಂಡವರ ಕಣ್ಣಿನ ಬಗ್ಗೆ ಯೋಚನೆಯೇ ಬಂದಿರಲಿಲ್ಲ.

ಮರುವಾರ ಜರೀನಾ ಪಿಸ್ತೂಲು ಹಿಂತಿರುಗಿಸುತ್ತೇನೆಂದು ಅಂಗಡಿಗೆ ಹೊರಟಳು, ನಾನೂ ಜೊತೆಗೆ ಹೋದೆ. ನಡೆದದ್ದು ಕೇಳಿ ಯಜಮಾನ ಕೆಂಪಗಾದ. ನಿಮ್ಮ ಬಡಾವಣೆಯ ಸಂಘದ ಸಭೆಗೆ ನಾನೇ ಬಂದು ಮಾತಾಡುತ್ತೇನೆ, ಹಕ್ಕು ಎಲ್ಲರಿಗೂ ಒಂದೇ ಎಂದ.

"ಹಕ್ಕು ಒಂದೇ ಸರ್. ನೋಡುವ ಕಣ್ಣು ಒಂದೇ ಅಲ್ಲ," ಎಂದಳು ಜರೀನಾ. ಡೆನಿಸ್ ಕಾರಿನ ಬಳಿ ಹೇಳಿದ್ದನ್ನೂ ಹೇಳಿದಳು. "ನಾನು ಅವತ್ತು ಜೀವಸಹಿತ ಮನೆಗೆ ಬಂದದ್ದು ಆ ಪಾಠದಿಂದ. ನಿಮ್ಮ ಪಾಠದಿಂದ ಅಲ್ಲ."

ಆತ ಪಿಸ್ತೂಲನ್ನು ಗಾಜಿನ ಮೇಲೆ ಅವಳ ಕಡೆಗೇ ಸರಿಸಿದ. ಆಮೇಲೆ, "ಇಷ್ಟು ವರ್ಷ ಕಲಿಸಿದೆ. ನನ್ನನ್ನು ಯಾರೂ ಹಾಗೆ ನಿಲ್ಲಿಸಲಿಲ್ಲ, ಅದಕ್ಕೇ ಅದೂ ಒಂದು ಪಾಠ ಅಂತ ಗೊತ್ತಾಗಲಿಲ್ಲ," ಎಂದ. ಮುಂದಿನ ತರಗತಿಯ ಕೊನೆಗೆ ಡೆನಿಸ್‌ಳನ್ನು ಕರೆಸಿ ಆ ಪಾಠವನ್ನು ಅವಳಿಂದಲೇ ಹೇಳಿಸಿದ. ಇದರಲ್ಲಿ ರಾಜಕೀಯ ಯಾಕೆ ಎಂದು ಹಳೆಯ ಗಿರಾಕಿಗಳು ಕೆಲವರು ಬರುವುದು ಬಿಟ್ಟರಂತೆ. ಅವನು ಡೆನಿಸ್‌ಳನ್ನು ಕರೆಸುವುದು ಬಿಡಲಿಲ್ಲ.

ಜರೀನಾ ಪಿಸ್ತೂಲನ್ನು ವಾಪಸ್ಸು ಮನೆಗೇ ತಂದಳು. ಆದರೆ ಪರ್ಸಿನಲ್ಲಿ ಮತ್ತೆ ಇಡಲಿಲ್ಲ. ಈಚೆಗೆ ಫೋನಿನಲ್ಲಿ ಕೇಳಿದಾಗ, "ತಿಜೋರಿಯಲ್ಲಿದೆ ಅಕ್ಕಾ. ಕೊಟ್ಬಿಟ್ರೆ ನಾನು ಹೆದರ್ಕೊಂಡೆ ಅಂತ ಆಗತ್ತೆ. ಇಟ್ಕೊಂಡು ಓಡಾಡಿದ್ರೆ ಅವ್ರು ಹೆದರ್ತಾರೆ, ಅವ್ರು ಹೆದರಿದ್ರೆ ಪೆಟ್ಟು ಬೀಳೋದು ನನಗೆ," ಎಂದಳು. ಸುಧಾಳ ಗಿಡ ಎರಡು ಚಳಿಗಾಲ ಜರೀನಾಳ ಮನೆಗೆ ಬರಲಿಲ್ಲ, ಮೂರನೆಯದಕ್ಕೆ ಬಂತಂತೆ. ಇಬ್ಬರೂ ಆ ವಿಷಯ ಎತ್ತುವುದಿಲ್ಲವಂತೆ.

ನಮಗೆ ಈಗ ಗ್ರೀನ್ ಕಾರ್ಡ್ ಬಂದಿದೆ. ಇನ್ನು ನೀನೂ ಕೊಳ್ಳಬಹುದು ಎಂದು ನನ್ನ ಯಜಮಾನರು ತಮಾಷೆ ಮಾಡುತ್ತಾರೆ. ಕಾನೂನಿನ ಪುಸ್ತಕದಲ್ಲಿ ನನ್ನ ಹೆಸರಿಗೂ ಜಾಗ ಸಿಕ್ಕಿತು, ಸರಿ. ಅದನ್ನು ಹಿಡಿದು ನಡೆದರೆ ಕಿಟಕಿಯಿಂದ ನೋಡುವವರಿಗೆ ನಾನು ಯಾರಾಗಿ ಕಾಣುತ್ತೇನೆ ಎಂಬುದು ಆ ಪುಸ್ತಕದಲ್ಲಿಲ್ಲ.

ಮೊನ್ನೆ ಮಷೀನಿನ ಮುಂದೆ ಇದನ್ನೆಲ್ಲ ಯೋಚಿಸುತ್ತಿರುವಾಗಲೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು. ತಲೆ ಮುಚ್ಚುವ ಕಪ್ಪು ಹುಡ್ ಹಾಕಿಕೊಂಡ ಯಾರೋ ಒಬ್ಬ ಗೇಟಿನ ಹತ್ತಿರ ಬಹಳ ಹೊತ್ತಿನಿಂದ ನಿಂತಿದ್ದಾನೆ, ಕೈ ಜೇಬಿನಲ್ಲಿದೆ, ಪೊಲೀಸರಿಗೆ ಫೋನ್ ಮಾಡಲೇ ಎಂದು ಒಬ್ಬರು. ಮಾಡಿ ಎಂದು ಇನ್ನೊಬ್ಬರು. ನಾನು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದೆ. ಧೈರ್ಯ ಎಂದುಕೊಳ್ಳಬೇಡಿ, ಮೆಟ್ಟಿಲ ಕಂಬಿ ಬಿಡದೆ ಇಳಿದೆ. ಅಲ್ಲಿ ನಿಂತಿದ್ದವರು ಇಥಿಯೋಪಿಯಾದವರು, ನಮ್ಮ ಮೇಲಿನ ಮಹಡಿಗೆ ಹೊಸದಾಗಿ ಬಂದವರು. ಮಗಳ ಸ್ಕೂಲ್ ಬಸ್ಸು ತಡ, ಚಳಿಗಾಳಿ ಬೇರೆ ಎಂದರು.

ಗುಂಪಿನಲ್ಲಿ ಬರೆದೆ: ಇವರು ನಮ್ಮ ಬಿಲ್ಡಿಂಗಿನವರು, ಮಗಳ ಬಸ್ಸಿಗೆ ಕಾಯುತ್ತಿದ್ದಾರೆ. ಕಳಿಸಿದ ಮೇಲೆ ಮತ್ತೆ ಒಂದು ಸಾಲು ಸೇರಿಸಿದೆ: ನಾನೂ ಇವರ ಜೊತೆ ನಿಂತಿದ್ದೇನೆ.

ಗುಂಪಿನ ಈ ಮಾತು ಯಾವುದೂ ಅವರಿಗೆ ಗೊತ್ತಿಲ್ಲ. ನೀವೂ ಮಗುವಿಗೆ ಕಾಯುತ್ತಿದ್ದೀರಾ ಎಂದು ಕೇಳಿದರು. ನಿಜ ಹೇಳಲು ಮನಸ್ಸಾಗದೆ ಹೌದು ಎಂದೆ. ಬಸ್ಸು ಬರುವವರೆಗೂ ನಿಂತೆ.